ರಕ್ತ ಬಾರದ ಹಲ್ಲು

ನನ್ನ ಅಕ್ಕನ ಕೆನ್ನೆಯೊಳಗೆ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ಮನೆಮಂದಿಯೆಲ್ಲ ಆ ಗಂಟಿಗೆ ಹೆದರಿದೆವು. ಹಲ್ಲಿಗೂ ಹೆದರಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಅಕ್ಕ ಹೊಂಗನೂರಿನಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಮದುವೆಯಾದ ಹೊಸತರಲ್ಲಿ ಅತ್ತೆಯಿಂದ ಕಲಿತ ಎಲೆ, ಅಡಿಕೆ, ಹೊಗೆಸೊಪ್ಪು ಅವಳ ದವಡೆ ಬಿಟ್ಟಿರಲಿಲ್ಲ. ಹುಳುಮನೆಗೆ ಹೋಗುವ ಮುಂಚೆ ಮಾತ್ರ ಎಲ್ಲ ಉಗಿದು, ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆಯುತ್ತಿದ್ದಳು. ಹೊಗೆಸೊಪ್ಪು ಹುಳುವಿಗೆ ವಿಷ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ರೇಡಿಯೇಷನ್ ಶುರುವಾಗುವ ಮೊದಲು ನಮ್ಮನ್ನು ಹಲ್ಲಿನ ಡಾಕ್ಟರ ಬಳಿ ಕಳಿಸಿದರು. ಆಕೆ ಬಾಯೊಳಗೆ ಬೆಳಕು ಬಿಟ್ಟು ನೋಡಿ, ಕೆಳದವಡೆಯ ಮೂರು ಹಲ್ಲು ತೆಗೆಯಬೇಕು ಎಂದರು.

“ಎರಡು ಹುಳುಕಾಗವೆ, ಕಿತ್ತಾಕಿ. ಇದು ಅಲ್ಲಾಡೋದೂ ಇಲ್ಲ, ನೋಯೋದೂ ಇಲ್ಲ. ಇದ್ಯಾಕವ್ವ ಕೀಳ್ತೀರ?” ಎಂದಳು ಅಕ್ಕ.

ಡಾಕ್ಟರು ಬೇಸರಿಸಿಕೊಳ್ಳಲಿಲ್ಲ. “ರೇಡಿಯೇಷನ್ ಆದ ಮೇಲೆ ದವಡೆಯ ಮೂಳೆಗೆ ರಕ್ತ ಹರಿಯೋದು ಕಡಿಮೆಯಾಗುತ್ತೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೇ ಹೋಗಬಹುದು, ಮೂಳೆಯೇ ಸಾಯಬಹುದು. ಈ ಹಲ್ಲಿನ ಬುಡ ಒಳಗೆ ಕೆಟ್ಟಿದೆ. ಈಗಲೇ ತೆಗೆಸಿದರೆ ಒಳ್ಳೆಯದು.”

ಅಕ್ಕ ಒಪ್ಪಲಿಲ್ಲ. ಎರಡನ್ನು ಕೀಳಿಸಿಕೊಂಡು ಮೂರನೆಯದಕ್ಕೆ ಸಿಮೆಂಟು ತುಂಬಿಸಿಕೊಂಡಳು. ಹೊರಡುವಾಗ ಡಾಕ್ಟರು ನನ್ನ ಕಡೆಗೂ ತಿರುಗಿ ಹೇಳಿದರು: “ಎಷ್ಟು ವರ್ಷ ಕಳೆದಿರಲಿ, ನಮ್ಮನ್ನು ಕೇಳದೆ ಆ ಕಡೆಯ ಹಲ್ಲಿಗೆ ಯಾರೂ ಕೈ ಹಾಕಬಾರದು.”

ರೇಡಿಯೇಷನ್ನಿನ ದಿನಗಳಲ್ಲಿ ನಾನು ರಾಮನಗರದ ನನ್ನ ಶಾಲೆಗೆ ರಜೆ ಹಾಕಿ ಅವಳ ಜೊತೆಗಿದ್ದೆ. ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು ಮಲಗಿಸುತ್ತಿದ್ದರು. ಹೊರಗೆ ಬಂದಾಗ ಕೆನ್ನೆಯ ಮೇಲೆ ಆ ಬಲೆಯ ಗುರುತು ಮೂಡಿರುತ್ತಿತ್ತು. ಬಾಯಿ ಹುಣ್ಣಾಗಿ ಉಗುಳು ನುಂಗುವುದೂ ಕಷ್ಟವಾಯಿತು, ಆಮೇಲೆ ಉಗುಳೇ ಬತ್ತಿತು. ಅವರು ಹೇಳಿದ್ದನ್ನೆಲ್ಲ ಅಕ್ಕ ಅಚ್ಚುಕಟ್ಟಾಗಿ ಮಾಡಿದಳು. ಉಪ್ಪು, ಸೋಡಾ ಕಲಸಿದ ನೀರಿನಲ್ಲಿ ಮತ್ತೆ ಮತ್ತೆ ಮುಕ್ಕಳಿಸಿದಳು. ದವಡೆ ಬಿಗಿದುಕೊಳ್ಳಬಾರದೆಂದು ಮರದ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿ ತೆರೆದಳು. ಮುದ್ದೆ ಗಂಟಲಿಗೆ ಅಂಟುತ್ತಿತ್ತೆಂದು ಗಂಜಿ ಕುಡಿದಳು. ಚಿಕಿತ್ಸೆ ಒಂದು ದಿನವೂ ತಪ್ಪಲಿಲ್ಲ.

ಗಂಟು ಹೋಯಿತು. ಹೊಗೆಸೊಪ್ಪೂ ಹೋಯಿತು. ಉಗುಳಿಲ್ಲದ ಬಾಯಿಗೆಂದು ನೀರಿನ ಬಾಟಲಿ ಸದಾ ಅವಳ ಸೊಂಟದಲ್ಲಿರುತ್ತಿತ್ತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಊರಿನವರು ಅವಳ ಕಾಯಿಲೆಯನ್ನು ಮರೆತರು, ಅವಳೂ ಅರ್ಧ ಮರೆತಳು.

ಹುಳು ಬಲಿತು ಹಣ್ಣಾಗಿ, ಅವನ್ನು ಗೂಡು ಕಟ್ಟಲು ಬಿಡುವ ಹೊತ್ತಿಗೆ ಸರಿಯಾಗಿ ಆ ಮೂರನೆಯ ಹಲ್ಲು ನೋಯತೊಡಗಿತು. ಆಗ ಮನೆಬಿಟ್ಟು ಬೆಂಗಳೂರಿಗೆ ಹೋಗುವುದೆಂದರೆ ಬೆಳೆಯನ್ನೇ ಬಿಟ್ಟುಹೋದಂತೆ. ನೋವು ತಡೆಯಲಾರದೆ ಒಂದು ಬೆಳಗ್ಗೆ ಚನ್ನಪಟ್ಟಣದ ಬಸ್ಸು ಹತ್ತಿ, ಅಲ್ಲಿ ಕಂಡ ಒಂದು ಕ್ಲಿನಿಕ್ಕಿಗೆ ಹೋದಳು. ಶುಗರ್ ಇದೆಯಾ, ಬಿಪಿ ಇದೆಯಾ ಎಂದು ಅವರು ಕೇಳಿದರಂತೆ. ಇಲ್ಲ ಎಂದಳಂತೆ. ಎರಡೂ ಇರಲಿಲ್ಲ.

ಮಧ್ಯಾಹ್ನ ನನಗೆ ಫೋನು ಮಾಡಿದಳು. ದನಿಯಲ್ಲಿ ಗೆಲುವಿತ್ತು.

“ಹಲ್ಲು ಕಿತ್ತಾಕಿಸ್ಬುಟ್ಟೆ ಕಣೆ. ಒಸಿನೂ ನೋವಾಗ್ನಿಲ್ಲ. ರಕ್ತನೇ ಬರ್ನಿಲ್ಲ ಅಂತೀನಿ!”

ನಾನು ಶಾಲೆಯ ಕಾರಿಡಾರಿನಲ್ಲಿ ನಿಂತಿದ್ದೆ. ಹಲ್ಲು ಕಿತ್ತ ಜಾಗದಲ್ಲಿ ರಕ್ತ ಬರಬೇಕು. “ಅಕ್ಕಾ, ಇವತ್ತೇ ಬೆಂಗಳೂರಿಗೆ ಹೋಗಣ,” ಎಂದೆ. “ಗೂಡು ಬುಡಿಸ್ಕಂಡು ಬತ್ತೀನಿ, ಏನಾಗ್ತದೆ,” ಎಂದಳು. ಆಸ್ಪತ್ರೆಗೆ ನಾನೇ ಫೋನು ಮಾಡಿದೆ. ಕೂಡಲೇ ಕರೆತನ್ನಿ ಎಂದರು. ಅಕ್ಕ ಜಗ್ಗಲಿಲ್ಲ.

ಗೂಡು ಮಾರಲು ಭಾವನೊಂದಿಗೆ ರಾಮನಗರದ ಮಾರುಕಟ್ಟೆಗೆ ಬಂದವಳು ನಮ್ಮ ಮನೆಗೂ ಬಂದಳು. ಎದುರು ಕೂತು ಮಾತಾಡಿದಾಗ ಒಂದು ವಾಸನೆ ಬಂತು. ಮೊಬೈಲಿನ ಬೆಳಕು ಹಿಡಿದು ಬಾಯಿ ತೆರೆಸಿದೆ. ಹಲ್ಲಿದ್ದ ಜಾಗದಲ್ಲಿ ಕುಳಿ ಹಾಗೆಯೇ ಇತ್ತು. ಒಸಡು ಹಿಂದೆ ಸರಿದು, ಅದರ ತಳದಲ್ಲಿ ಬೂದುಬಿಳಿ ಬಣ್ಣದ್ದೇನೋ ಕಾಣುತ್ತಿತ್ತು.

“ಅನ್ನದಗುಳು ಸಿಕ್ಕಂಡೈತೆ. ನಾಲಗೇಲಿ ಎಷ್ಟ್ ತಳ್ಳಿದ್ರೂ ಬರಾಕಿಲ್ಲ,” ಎಂದಳು.

ಅದು ಅವಳ ಮೂಳೆ. ಮೊಬೈಲು ಕೆಳಗಿಟ್ಟು, ಬೆಳಗ್ಗೆಯೇ ಆಸ್ಪತ್ರೆಗೆ ಹೋಗೋಣ ಎಂದೆ. ಭಾವನೂ ಬಗ್ಗಿ ನೋಡಿ ಹೊರಗೆ ಹೋಗಿ ನಿಂತರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಅದೇ ಹಲ್ಲಿನ ಡಾಕ್ಟರು ನೋಡಿದರು. ಗದರಲಿಲ್ಲ, ಗದರಿದ್ದರೆ ನನಗೆ ಧೈರ್ಯ ಬರುತ್ತಿತ್ತೇನೋ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಮರಳಿರಲಿಲ್ಲ. ಸತ್ತ ಮೂಳೆಯ ಚೂರನ್ನು ಬಿಡಿಸಿ, ಕುಳಿ ತೊಳೆದು, ಮಾತ್ರೆ ಬರೆದರು. “ಮೂಳೆ ಸಾಯೋದು ಇಲ್ಲಿಗೇ ನಿಲ್ಲುತ್ತಾ ನೋಡೋಣ. ನಿಲ್ಲದಿದ್ದರೆ ದವಡೆಯ ಆ ಭಾಗವನ್ನೇ ತೆಗೆಯಬೇಕಾಗುತ್ತೆ. ಹೊರಗಡೆ, ಗಲ್ಲದ ಕೆಳಗೆ, ಎಲ್ಲಾದರೂ ಒದ್ದೆ ಕಂಡರೆ ಒಳಗಿನ ಕೀವು ಹೊರಗೆ ಬರುತ್ತಿದೆ ಅಂತ ಅರ್ಥ, ಕಾಯಬೇಡಿ,” ಎಂದರು.

ಕೆಲವು ತಿಂಗಳು ಅದು ನಿಂತ ಹಾಗೇ ಇತ್ತು.

ಕಳೆದ ಭಾನುವಾರ ಹೊಂಗನೂರಿಗೆ ಹೋಗಿದ್ದೆ. ಅಕ್ಕ ಹುಳುಗಳಿಗೆ ಸೊಪ್ಪು ಹರಡುತ್ತಿದ್ದಳು. ತಟ್ಟೆಯ ಮೇಲೆ ಬಗ್ಗಿ ಎದ್ದಾಗ ಗಲ್ಲದ ಅಂಚಿನಲ್ಲಿ ಏನೋ ಮಿಂಚಿತು.

“ಬೆವರು ಕಣೆ,” ಎಂದು ನಾನು ಕೇಳುವ ಮುಂಚೆಯೇ ಹೇಳಿದಳು. ಹುಳುಮನೆ ತಂಪಾಗಿತ್ತು. ನನ್ನ ಬಿಳಿ ಕರ್ಚೀಫಿನಿಂದ ಒತ್ತಿ ತೆಗೆದೆ. ಬಟ್ಟೆಯ ಮೇಲೆ ಹಳದಿ ಗುರುತು ಕೂತಿತು.

ಅವಳು ಕರ್ಚೀಫನ್ನು ನೋಡಿದಳು. ಈ ಸಲ ಬೆಳೆಯ ಮಾತು ಎತ್ತಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಭಾವನಿಗೆ ಕೊಟ್ಟು, “ನಾಳೀಕೆ ಬೆಂಗ್ಳೂರ್ಗೆ ಮೊದಲ್ನೇ ಬಸ್ ಎಷ್ಟೊತ್ತಿಗೈತೆ ಕೇಳು,” ಎಂದು ನನಗೆ ಹೇಳಿ ಕೈ ತೊಳೆಯಲು ಹೋದಳು.