ಮಲ್ಲಯ್ಯನ ಹೋತ, ದಂಡಿನ ವಿಮಾನ

ಸಾಧ್ಯವೇ ಇಲ್ಲ ಎಂದವರು ನಮ್ಮೂರ ಬಸನಗೌಡರು. ಚಾವಡಿ ಕಟ್ಟೆಯ ಮೇಲೆ ಕೂತು, ನಾಲ್ಕು ಜನ ಕೇಳುವ ಹಾಗೆ ಅಂದರು: "ಕುರಿ ಹಿಕ್ಕಿ ಬಳಿಯೋ ಮಾಳಮ್ಮ ಸಾಕಿದ ಹುಡುಗ ಬಿ.ಎ. ಆಗ್ತಾನಂದ್ರ, ನನ್ನ ಎತ್ತೂ ವಕೀಲಕಿ ಮಾಡ್ತಾವ ತಗೀರಿ." ನಾನು ಬಿ.ಎ. ಆದೆ. ಗೌಡರ ಎತ್ತುಗಳು ಎತ್ತುಗಳಾಗಿಯೇ ಸತ್ತವು.

ಅಂದಿನಿಂದ 'ಸಾಧ್ಯವಿಲ್ಲ' ಅನ್ನುವವರನ್ನು ಕಂಡರೆ ನನಗೆ ತಾತ್ಸಾರ. ಆದರೆ ಏನು ಹೇಳಿದರೂ 'ಇದ್ದರೂ ಇರಬಹುದು' ಎಂದು ತಲೆಯಾಡಿಸುವವರ ಮೇಲೆ ಅದಕ್ಕಿಂತ ಹೆಚ್ಚಿನ ತಾತ್ಸಾರ. ದೆವ್ವ ಕಂಡವರ, ಕನಸಿನಲ್ಲಿ ಮುಂದಿನದನ್ನು ತಿಳಿದವರ ಕಥೆಗಳನ್ನು ರೈಲಿನಲ್ಲಿ, ಕಚೇರಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಹೇಳುವವನು ಅರ್ಧ ನಿದ್ದೆಯಲ್ಲಿದ್ದ, ಇಲ್ಲವೇ ಪೂರ್ತಿ ಕುಡಿದಿದ್ದ. ಮೂರನೆಯ ಬಗೆಯವನನ್ನು ನಾನು ಕಂಡಿಲ್ಲ. ಇಂಥವೆಲ್ಲ ರಾತ್ರಿಯೇ ನಡೆಯುತ್ತವೆ, ಯಾರಿಗೂ ಏನೂ ಕಾಣದಾಗ. ನನಗಾದದ್ದು ಹಾಡುಹಗಲು, ಸರಕಾರದ ವಿಮಾನದಲ್ಲಿ, ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದಾಗ. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಈಗ ಬಿಡುತ್ತಿರುವುದಕ್ಕೆ ಒಂದು ಪುಸ್ತಕ ಕಾರಣ.

ನಾನು ಮೊದಲು ಗುಮಾಸ್ತನಾಗಿ ಸೇರಿದ ವಿಮಾನ ದಳದ ಚರಿತ್ರೆ ಈಚೆಗೆ ಅಚ್ಚಾಗಿದೆ. ನಿವೃತ್ತ ಅಧಿಕಾರಿಗಳು ಸೇರಿ ಬರೆದದ್ದು. ದಪ್ಪ ಕಾಗದ, ಪುಟಪುಟಕ್ಕೂ ಮೀಸೆಗಳ ಫೋಟೋ. ದಳಕ್ಕೆ ಎರಡು ಕೆಲಸ: ದಂಡಿನ ಸಾಮಾನು ಸಾಗಿಸುವುದು, ಹೊಸ ಹುಡುಗರಿಗೆ ದೊಡ್ಡ ವಿಮಾನ ಹಾರಿಸಲು ಕಲಿಸುವುದು. ಮಹಾಯುದ್ಧದಲ್ಲಿ ಬರ್ಮಾದ ಕಾಡಿಗೆ ಅಕ್ಕಿ ಎಸೆದದ್ದು, ದೇಶ ಒಡೆದಾಗ ದಿಕ್ಕೆಟ್ಟ ಜನರನ್ನು ಹೊತ್ತು ತಂದದ್ದು, ಹಿಮದ ಬೆಟ್ಟಗಳಿಗೆ ಉಪ್ಪು ಹಿಟ್ಟು ಮುಟ್ಟಿಸಿದ್ದು, ಎಲ್ಲ ವಿವರವಾಗಿ ಬಂದಿದೆ. ನಿಜಾಮನ ರಾಜ್ಯ ಹೋಗಿ ನಮ್ಮ ಸೀಮೆ ಭಾರತಕ್ಕೆ ಸೇರಿದ ಮೇಲೆ ದಳ ಹೈದರಾಬಾದಿನ ಹತ್ತಿರ ಬಂದು ನೆಲೆಸಿದ ವರ್ಷಗಳಿಗೆ ಮಾತ್ರ ಒಂದೇ ಸಾಲು. ಆಗ ತರಬೇತಿ ಸುಗಮವಾಗಿ ನಡೆಯಿತಂತೆ. ಸುಗಮ! ಆ ಸುಗಮದಲ್ಲಿ ಎಸೆದ ಮರಳಿನ ಚೀಲವೊಂದು ಬಸನಗೌಡರ ಬಣವೆಯ ನೆತ್ತಿಗೇ ಬಿದ್ದಿತ್ತು. ಅದೊಂದಕ್ಕೆ ನನ್ನ ತಕರಾರಿಲ್ಲ.

ಮೇಲಿನಿಂದ ಸಾಮಾನು ಎಸೆಯುವುದನ್ನು ಕಲಿಸಲು ದಳಕ್ಕೆ ಒಂದು ಖಾಲಿ ಬಯಲು ಬೇಕಾಗಿತ್ತು. ಶಹಾಪುರದಿಂದ ವನದುರ್ಗದ ಕಡೆ ಹೋಗುವಾಗ ಸಿಗುವ ನಮ್ಮೂರ ಬೀಳನ್ನು ಆರಿಸಿದರು. ನೆಲದ ಮೇಲೆ ಸುಣ್ಣದಿಂದ ದೊಡ್ಡ ಕತ್ತರಿ ಗುರುತು ಹಾಕುವುದು. ಡಕೋಟಾ ವಿಮಾನ ತಗ್ಗಿ ಬಂದಾಗ, ಬಾಗಿಲು ಕಳಚಿದ ಬಾಯಿಯಿಂದ ಮರಳಿನ ಗೋಣಿಚೀಲಗಳನ್ನು ಆ ಗುರುತಿಗೆ ದೂಡುವುದು. ಕಲಿಯಲು ಬಂದವರು ಅಪ್ಪ ಕರ್ನಲ್, ಮಾವ ದಿವಾನ ಎಂಬಂಥ ಹುಡುಗರು. ಒಂದು ಬೀಳನ್ನೇ ಕೊಟ್ಟರೂ ಅದರಲ್ಲಿ ಗುರುತೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಚೀಲ ಕೆಡವುವವರು. ನನ್ನನ್ನು 'ಏ ಬಾಬು' ಎಂದು ಕರೆಯುತ್ತಿದ್ದರು. ಅವರ ಅರ್ಜಿಗಳ ತಪ್ಪು ಇಂಗ್ಲಿಷನ್ನು ಈ ಬಾಬುವೇ ತಿದ್ದುತ್ತಿದ್ದ.

ಆ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವಳು ನನ್ನ ದೊಡ್ಡವ್ವ ಮಾಳಮ್ಮ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿ, ಉರ್ದು ಶಾಲೆಗೆ ಕಳಿಸಿ, ಟಗರು ಮಾರಿ ಹೈದರಾಬಾದಿನ ಕಾಲೇಜಿಗೆ ಹಾಕಿದವಳು. ಅವಳ ಹಿಂಡಿನಲ್ಲಿ ಮಲ್ಲಯ್ಯನ ಹೆಸರಿಗೆ ಬಿಟ್ಟ ಒಂದು ಕರಿ ಹೋತ ಇತ್ತು. ಹರಕೆ ಹೊತ್ತು ದೇವರಿಗೆ ಬಿಟ್ಟ ಹೋತವನ್ನು ನಮ್ಮವರು ಮಾರುವುದಿಲ್ಲ, ಕಡಿಯುವುದಿಲ್ಲ, ಹೊಡೆಯುವುದಿಲ್ಲ. ಅದು ನಡೆದ ಕಡೆ ಹಿಂಡು, ಹಿಂಡು ನಡೆದ ಕಡೆ ಕುರುಬ. ನಮ್ಮ ಜನ ಹಿಂದುಳಿದದ್ದಕ್ಕೆ ಈ ಹೋತದ ಬಾಲವೇ ಕಾರಣ ಎಂದು ನಾನು ಕಾಲೇಜಿನಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ನೌಕರಿ ಸಿಕ್ಕ ಹೊಸತರಲ್ಲಿ ಊರಿಗೆ ಹೋದಾಗ ದೊಡ್ಡವ್ವನಿಗೆ ಗದರಿಸಿದೆ.

"ಆ ಬೀಳಿಗೆ ಹೋಗಬ್ಯಾಡ. ಮ್ಯಾಲಿಂದ ಚೀಲ ಬಿದ್ರ ಹಪ್ಪಳ ಆಗ್ತಿ."

"ಬೀಳೂಕಿಂತ ಮುಂಚೇನ ಹೋತ ಎದ್ದು ಹೋಗ್ತದಲೋ ತಮ್ಮಾ. ಬೇವಿನ ಗಿಡದ ಬುಡಕ್ಕ ಹೋಗಿ ನಿಂದರ್ತದ. ನಾವೂ ಹಿಂದ ಹೋಗ್ತೀವಿ."

"ಇಮಾನ ಬರ್ತದಂತ ಅದಕ್ಕ ಹೆಂಗ ಗೊತ್ತಾಗ್ತದ?"

"ಅದು ನಿನ್ನಂಗ ಬಿ.ಎ. ಓದಿಲ್ಲಲ್ಲ, ಗೊತ್ತಾಗ್ತದ."

ನಕ್ಕು ಬಿಟ್ಟುಬಿಟ್ಟೆ. ದೂರದ ಸದ್ದು ಮನುಷ್ಯರಿಗಿಂತ ಮೊದಲು ಪ್ರಾಣಿಗಳ ಕಿವಿಗೆ ಬೀಳುತ್ತದೆ, ಅಷ್ಟೆ ಎಂದುಕೊಂಡೆ.

ಆದರೆ ಸುಣ್ಣ ಹಾಕಿ, ವಿಮಾನಕ್ಕೆ ಗುರುತಾಗಿ ಹೊಗೆ ಎಬ್ಬಿಸಲು ಬಯಲಿಗೆ ಹೋಗುತ್ತಿದ್ದ ನಮ್ಮ ಮದ್ರಾಸಿ ಸಾರ್ಜೆಂಟ್ ಬೇರೆಯದನ್ನು ಗಮನಿಸಿದ್ದ. ಹಾರಾಟ ಇಲ್ಲದ ದಿನ ಹಿಂಡು ಗುರುತಿನ ಸುತ್ತಲೇ ಮೇಯುತ್ತ, ಸುಣ್ಣ ನೆಕ್ಕುತ್ತ ಇರುತ್ತಿತ್ತು. ಹಾರಾಟವಿದ್ದ ದಿನ, ಹೈದರಾಬಾದಿನಲ್ಲಿ ವಿಮಾನ ಇನ್ನೂ ನೆಲ ಬಿಡುವ ಮೊದಲೇ, ಹೋತ ಎದ್ದು ಬಯಲಿನ ಅಂಚಿನ ಬೇವಿನ ಮರದ ಕಡೆ ಹೊರಡುತ್ತಿತ್ತು. ವೇಳೆ ಬದಲಾದರೆ ಅದೂ ಬದಲಾಗುತ್ತಿತ್ತು. ಸಾರ್ಜೆಂಟ್ ವಿಮಾನ ಹೊರಟ ತಂತಿ ಸುದ್ದಿಗೆ ಕಾಯುವುದನ್ನು ಬಿಟ್ಟು ಹೋತವನ್ನೇ ನೋಡತೊಡಗಿದ. ಅದು ಎದ್ದರೆ ಒಲೆಯ ಮೇಲಿನ ಚಹಾ ಇಳಿಸುತ್ತಿದ್ದ. ಇದನ್ನು ಅವನು ಕ್ಯಾಂಟೀನಿನಲ್ಲಿ ತಮಾಷೆಯಾಗಿ ಹೇಳಿದ. ತಮಾಷೆ ದಳದ ಮುಖ್ಯಸ್ಥನ ಕಿವಿಗೆ ಹೋಯಿತು. ಸಾಹೇಬನಿಗೆ ನಗು ಬರಲಿಲ್ಲ.

ಆ ದಿನಗಳು ಹಾಗಿದ್ದವು. ಒಂದು ಕಡೆ ರಜಾಕಾರರು ಹೂತಿಟ್ಟ ಬಂದೂಕುಗಳ ಹುಡುಕಾಟ, ಇನ್ನೊಂದು ಕಡೆ ತೆಲಂಗಾಣದ ದಂಗೆಯ ಭಯ. ಹೊಸ ಸರಕಾರಕ್ಕೆ ನಮ್ಮ ಸೀಮೆಯವರೆಲ್ಲ ಅನುಮಾನದ ಮನುಷ್ಯರೇ. ಸಾಹೇಬ ನನ್ನನ್ನು ಕರೆಸಿದ. ಅವನ ಉರ್ದುವನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಹಾರಾಟದ ವೇಳೆ ಟೈಪು ಮಾಡುವವನು ನೀನು. ಬಯಲಿನಲ್ಲಿ ಕುರಿ ಕಾಯುವವಳು ನಿನ್ನ ದೊಡ್ಡಮ್ಮ. ನಡುವೆ ದೇವರ ಹೋತ ಅಂತ ನಂಬಬೇಕೇ ನಾನು, ಗ್ರಾಜುಯೇಟ್ ಸಾಹೇಬರೇ?"

"ನಾನು ಯಾರಿಗೂ ಹೇಳಿಲ್ಲ, ಹುಜೂರ್."

"ಇವತ್ತು ಆ ಮರದ ಕೆಳಗೆ ಮುದುಕಿ ಕಾಯುತ್ತಾಳೆ. ನಾಳೆ ಬಂದೂಕು ಹಿಡಿದವನು ಕಾಯುತ್ತಾನೆ."

ನನ್ನ ನೌಕರಿ ಇನ್ನೂ ಹಂಗಾಮಿ. ನಂಬಿಗಸ್ತ ಎಂದು ಸಾಹೇಬ ಸಹಿ ಮಾಡಿದ ಸರ್ಟಿಫಿಕೇಟ್ ಸಿಕ್ಕರೆ ಕಾಯಂ. ಸಿಗದಿದ್ದರೆ ಪೊಲೀಸರ ಷರಾದೊಂದಿಗೆ ಮನೆಗೆ. ಆಮೇಲೆ ಯಾದಗಿರಿಯಿಂದ ಹೈದರಾಬಾದಿನ ತನಕ ಯಾವ ಕಚೇರಿಯೂ ನನ್ನನ್ನು ಹೊಸ್ತಿಲು ತುಳಿಯಗೊಡುವುದಿಲ್ಲ. ದೊಡ್ಡವ್ವನ ಟಗರುಗಳು, ನನ್ನ ಬಿ.ಎ., ಎಲ್ಲ ಸೇರಿ ಗೌಡರ ಎತ್ತುಗಳಿಗೆ ನಗಲು ಒಂದು ವಿಷಯ ಆಗುತ್ತಿತ್ತು.

ಸಾಹೇಬ ಒಂದು ಪರೀಕ್ಷೆ ಹೂಡಿದ. ಒಂದು ಮುಂಜಾನೆ, ಯಾವ ಕಾಗದವೂ ಇಲ್ಲದೆ, ಬಯಲಿಗೆ ಸಾರ್ಜೆಂಟನನ್ನೂ ಕಳಿಸದೆ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನೇರ ವಿಮಾನಕ್ಕೆ ಹತ್ತಿಸಿದ. ಲೆಕ್ಕ ಸರಳ. ಹಿಂಡು ಇವತ್ತೂ ಬೇವಿನ ಮರದ ಕೆಳಗಿದ್ದರೆ ಸುದ್ದಿ ನನ್ನಿಂದ ಹೋಗುತ್ತಿಲ್ಲ. ಗುರುತಿನ ಹತ್ತಿರ ಮೇಯುತ್ತಿದ್ದರೆ, ಇಷ್ಟು ದಿನ ಹೇಳುತ್ತಿದ್ದವನು ನಾನೇ. ಇವತ್ತು ಹೇಳಲು ಆಗಲಿಲ್ಲ.

ನಾನು ಮಲ್ಲಯ್ಯನನ್ನು ನೆನೆಯಲಿಲ್ಲ. ನೆನೆಯುವವನಾಗಿದ್ದರೆ ಅಷ್ಟು ಓದುವ ಅಗತ್ಯವೇ ಇರಲಿಲ್ಲ. ಆದರೆ ಯಾವ ಹೋತದ ಬಾಲವನ್ನು ಭಾಷಣದಲ್ಲಿ ಹೀಯಾಳಿಸಿದ್ದೆನೋ ಅದನ್ನೇ ಹಿಡಿದು ಕೂತಿದ್ದೆ ಎಂಬುದು ನನಗೆ ತಿಳಿದಿತ್ತು.

ಯಾದಗಿರಿಯ ಕೋಟೆ ಗುಡ್ಡ, ರೈಲು ಹಳಿ, ಮರಳೇ ಹೆಚ್ಚಾಗಿದ್ದ ಭೀಮೆ, ಒಂದೊಂದೇ ಕೆಳಗೆ ಸರಿದವು. ಶಹಾಪುರದಲ್ಲಿ ಜನ ಕೈಮಾಡಿ ತೋರಿಸುವ ಮಲಗಿದ ಬುದ್ಧನ ಗುಡ್ಡ ಮೇಲಿನಿಂದ ಬರೀ ಬಂಡೆ. ತರಬೇತಿಯ ಹುಡುಗನೊಬ್ಬ ವಿಮಾನ ನಡೆಸುತ್ತಿದ್ದ; ಇನ್ನಿಬ್ಬರು ಬಾಗಿಲ ಬಳಿ ಚೀಲಗಳ ಹಗ್ಗ ಬಿಚ್ಚಿ, ಎಸೆಯಲು ತಯಾರಾಗಿ ನಿಂತಿದ್ದರು. ಸಾಹೇಬ ನನ್ನ ತೋಳು ಹಿಡಿದು ಬಾಗಿಲ ಹತ್ತಿರ ತಂದ. ವಿಮಾನ ತಗ್ಗಿತು.

ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ.

ಹಿಂಡು ಗುರುತಿನ ಮೇಲಿತ್ತು. ಸುತ್ತಮುತ್ತ ಮೇಯುತ್ತಿರಲಿಲ್ಲ, ಸರಿಯಾಗಿ ಹಳೆಯ ಸುಣ್ಣದ ಕತ್ತರಿಯ ನಡುವೆ, ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ, ಒತ್ತಾಗಿ ನಿಂತಿತ್ತು. ನಟ್ಟನಡುವೆ ಒಂದು ಕರಿ ಚುಕ್ಕೆ, ಅದು ಹೋತ. ದೊಡ್ಡವ್ವ ಅವುಗಳ ಪಕ್ಕದಲ್ಲೇ ಕೋಲು ಬೀಸುತ್ತ ಓಡಾಡುತ್ತಿದ್ದಳು. ಸಾಹೇಬ ನನ್ನ ಮುಖ ನೋಡಿ ನಕ್ಕ. ಕಿವಿಗೆ ಬಾಯಿ ಹಚ್ಚಿ ಕೂಗಿದ: "ಪಾಪ, ಇವತ್ತು ಯಾರೂ ಹೇಳಲಿಲ್ಲ!" ಎಸೆಯಬೇಡಿ, ಹಿಂದಿರುಗಿ ಎಂದು ಅವನು ಕೈಸನ್ನೆ ಮಾಡಿದ.

ವಿಮಾನ ನಡೆಸುತ್ತಿದ್ದ ಹುಡುಗ ಮದುವೆ ಮೆರವಣಿಗೆಯ ಕುದುರೆಯ ಹಾಗೆ ಡೌಲಿನಿಂದ ತಿರುಗಿಸಿದ. ವಿಮಾನ ಪಕ್ಕಕ್ಕೆ ವಾಲಿತು. ನಾನು ಕಂಬಿ ಹಿಡಿದುಕೊಂಡೆ. ಹಗ್ಗ ಬಿಚ್ಚಿದ್ದ ಚೀಲಗಳ ಸಾಲು ಸಾಲೇ ಜಾರಿ, ಬಾಗಿಲಿನಿಂದ ಹೊರಗೆ ಹೋಯಿತು. ಯಾರೂ ಎಸೆಯಲಿಲ್ಲ, ಯಾರೂ ಗುರಿ ಹಿಡಿಯಲಿಲ್ಲ.

ಬೇವಿನ ಮರ ಧೂಳಿನಲ್ಲಿ ಮುಳುಗಿತು.

ಮತ್ತೊಂದು ಸುತ್ತು ಬರುವ ಹೊತ್ತಿಗೆ ಧೂಳು ಸ್ವಲ್ಪ ತಿಳಿಯಾಗಿತ್ತು. ಅರ್ಧ ಮರ ನಿಂತಿತ್ತು, ಇನ್ನರ್ಧ ನೆಲದ ಮೇಲೆ. ಹಾರಾಟವಿದ್ದ ದಿನವೆಲ್ಲ ಹಿಂಡು ನಿಲ್ಲುತ್ತಿದ್ದ ಆ ನೆರಳಿನ ಜಾಗ ಕುಂಟೆ ಹೊಡೆದ ಹೊಲದ ಹಾಗೆ ಕಿತ್ತುಹೋಗಿತ್ತು. ಇಡೀ ಬಯಲಿನಲ್ಲಿ ಚೀಲ ಬಿದ್ದದ್ದು ಅಲ್ಲಿ ಮಾತ್ರ. ಗುರುತಿನ ಮೇಲೆ ಕುರಿಗಳು ಕದಲದೆ ನಿಂತಿದ್ದವು. ಹೋತ ಕತ್ತೆತ್ತಿ ನಮ್ಮನ್ನು ನೋಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೋಡಿತೋ ಇಲ್ಲವೋ, ಅಷ್ಟು ಮೇಲಿನಿಂದ ಕಾಣುವುದಿಲ್ಲ.

ಸಾಹೇಬ ಇನ್ನು ವರದಿ ಬರೆಯಬೇಕಿತ್ತು. ಹಿಂಡು ಗುರುತಿನ ಮೇಲಿತ್ತು ಎಂದು ಬರೆದರೆ ಚೀಲ ಎಲ್ಲಿ ಬಿದ್ದವು ಎಂದೂ ಬರೆಯಬೇಕು. ಬರ್ಮಾದಲ್ಲಿ ಗುಂಡಿನ ಮಳೆಗೆ ಹೆದರದ ಮನುಷ್ಯ ಆ ಎರಡು ಸಾಲಿಗೆ ಹೆದರಿದ. ಕೆಲವು ದಿನ ಬಿಟ್ಟು ನನ್ನನ್ನು ಕರೆದು, ಸಹಿ ಮಾಡಿದ ಸರ್ಟಿಫಿಕೇಟನ್ನು ಮೇಜಿನ ಮೇಲೆ ನನ್ನ ಕಡೆ ದೂಡಿದ. "ನಾನು ಏನೂ ನೋಡಿಲ್ಲ. ನೀನೂ ನೋಡಿಲ್ಲ. ಹೋಗು," ಅಂದ. ಅಂಥವರೇ ಮುಂದೆ ಚರಿತ್ರೆ ಬರೆಯುತ್ತಾರೆ.

ನಾನು ನೋಡಿದ್ದೇನೆ. ಬಿ.ಎ. ಓದಿದವನಿಗೆ ತಕ್ಕ ಹಾಗೆ ಯೋಚನೆಯನ್ನೂ ಮಾಡಿದ್ದೇನೆ. ಮರದ ಬುಡದಲ್ಲಿ ಹಾವಿತ್ತು ಅನ್ನಿ, ಕೆಂಪಿರುವೆ ಎದ್ದಿದ್ದವು ಅನ್ನಿ, ಗಾಳಿ ಬೇರೆ ಕಡೆಯಿಂದ ಬೀಸುತ್ತಿತ್ತು ಅನ್ನಿ. ಒಂದು ದಿನಕ್ಕೆ ಆ ಮಾತು ಸಾಕು, ಉಳಿದ ದಿನಗಳಿಗೆ ಸಾಲದು. ಸುದ್ದಿ ಯಾರೋ ಮುಟ್ಟಿಸುತ್ತಿದ್ದರು ಅನ್ನಿ. ಉಳಿದ ದಿನಗಳಿಗೆ ಸಾಕು, ಆ ದಿನಕ್ಕೆ ಸಾಲದು. ವಿಮಾನ ಬರುವುದನ್ನು ಯಾರಾದರೂ ಹೇಳಿಯಾರು. ಚೀಲ ಜಾರುವುದನ್ನು ಹೇಳುವವರು ಯಾರು? ಜಾರಿಸಿದವನಿಗೇ ಅದು ಗೊತ್ತಿರಲಿಲ್ಲ. 'ಎಲ್ಲ ಮಲ್ಲಯ್ಯನ ಲೀಲೆ' ಎಂದು ಕೈಮುಗಿಯುವವರು ಈ ಕಥೆಯನ್ನು ದಯವಿಟ್ಟು ತಮ್ಮ ಜೋಳಿಗೆಗೆ ಹಾಕಿಕೊಳ್ಳಬಾರದು. ಮುಗಿಯುವ ಕೈ ನನಗೆ ಇವತ್ತಿಗೂ ಬಂದಿಲ್ಲ. ಬೇರೆ ಉತ್ತರವೂ ಬಂದಿಲ್ಲ.

ರಜೆ ಸಿಕ್ಕಾಗ ಯಾದಗಿರಿಯಲ್ಲಿ ರೈಲು ಇಳಿದು, ಶಹಾಪುರದ ತನಕ ಮೋಟಾರು, ಅಲ್ಲಿಂದ ನಡೆದುಕೊಂಡು ನೇರ ಬೀಳಿಗೇ ಹೋದೆ. ದೊಡ್ಡವ್ವ ಉಳಿದ ಅರ್ಧ ಬೇವಿನ ನೆರಳಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು.

"ಅವತ್ತ ಹಿಂಡು ಸುಣ್ಣದ ಮ್ಯಾಲ ಯಾಕ ಹೊಡದಿ, ದೊಡ್ಡವ್ವ?"

"ನಾ ಯಾಕ ಹೊಡೀಲಿ? ಇಮಾನ ಬರೋ ದಿನದಂಗ ಗಿಡದ ಕಡೀಗೇ ಹೊಂಟಿದ್ವು. ಈ ಮುಂಡೇಗಂಡ ಹೋತ ಅರ್ಧ ದಾರ್ಯಾಗ ನಿಂತ್ತು, ತಿರಿಗಿ ಸುಣ್ಣದಾಗ ಹೋಗಿ ನಿಂತ್ತು. ಬೈದೆ, ಕೋಲು ಬೀಸಿದೆ. ದೇವರ ಹೋತ ಅನ್ನೂದ್ ಮರತು ಕಲ್ಲೂ ಒಗದೆ. ಜಗ್ಗಲಿಲ್ಲ ನೋಡು."

ಅವಳಿಗೂ ಗೊತ್ತಿರಲಿಲ್ಲ. ನಾನು ಸರ್ಟಿಫಿಕೇಟ್ ತೆಗೆದು ಅವಳ ಕೈಗೆ ಕೊಟ್ಟೆ. ಉಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು, ತಲೆಕೆಳಗಾಗಿ ಹಿಡಿದು, ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಏನ್ ಬರದಾರಪ ಇದರಾಗ?"

"ನಾ ನಂಬಿಗಸ್ತ ಮನಷ್ಯಾ ಅಂತ ಸರಕಾರ ಬರದು ಕೊಟ್ಟದ."

ದೊಡ್ಡವ್ವ ಹಿಂಡಿನ ಕಡೆ ಒಮ್ಮೆ ನೋಡಿದಳು. ಕಾಗದವನ್ನು ನನ್ನ ಕೈಗೆ ವಾಪಸು ಇಟ್ಟಳು.

"ಹಂಗಾದ್ರ ಮದ್ಲ ಹೋಗಿ ಹೋತಕ್ಕ ತೋರಿಸಿ ಬಾ. ದೂರ ಹಿಡಿ ಮತ್ತ, ತಿಂದಗಿಂದೀತು."