‘ಈಗ ತಾನೇ ಆಯ್ತು’ ಅಂದ ಬೆಳಿಗ್ಗೆ

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನ್ನ ಬಿ.ಎ. ಮುಗಿದಿತ್ತು. ಹತ್ತಿರದ ಹುಡುಗಿಯರ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕಾಗಿತ್ತು. ಆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಹೆಣ್ಣು ನೋಡಲು ಬರುವವರ ಮುಂದೆ ನನ್ನನ್ನು ಕೂರಿಸುವುದೆಂದು ಅಮ್ಮ ತೀರ್ಮಾನಿಸಿದ್ದರು.

ಹೆಡ್‌ಮಿಸ್ಟ್ರೆಸ್ ಇಂಟರ್‌ವ್ಯೂಗೆ ತಮ್ಮ ಮನೆಗೇ ಕರೆದಿದ್ದರು. ಹಿಂದಿನ ಸಂಜೆ ಅಪ್ಪ ನನಗೆ ಇಂಗ್ಲಿಷ್ ಗ್ರಾಮರ್ ಪಾಠ ಹೇಳಲು ಕೂತರು. “ಈಗ ತಾನೇ ಆಗಿದ್ದಕ್ಕೆ ‘ಹ್ಯಾವ್’ ಹಾಕು. ‘ನಿನ್ನೆ’ ಅಂತ ಹೇಳಿದ್ಯೋ, ‘ಹ್ಯಾವ್’ ಬಿಡು.”

“ಈಗ ತಾನೇ ಅಂದ್ರೆ ಎಷ್ಟು ಹೊತ್ತಪ್ಪಾ? ಅದಕ್ಕೆ ಗಡಿ ಹಾಕಿದೋರು ಯಾರು?”

“ನಿನ್ನ ಡಿಬೇಟು ಕಾಲೇಜಿಗೇ ಇರಲಿ. ಹೇಳಿದಷ್ಟು ಕಲಿ.”

ಆ ವಾದದಲ್ಲಿ ಗೆದ್ದದ್ದು ನಾನೇ ಅಂತ ಈಗಲೂ ನಂಬಿದ್ದೇನೆ. ಆದರೆ ಬೆಳಿಗ್ಗೆ ಹೆದರಿಕೆಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ. ಹಸಿದುಕೊಂಡೇ ಹೊರಟೆ.

ಹೆಡ್‌ಮಿಸ್ಟ್ರೆಸ್ ಮನೆಯ ಹಾಲ್‌ನಲ್ಲಿ ಕೂತ ಕೂಡಲೇ ಅವರ ಮೊದಲ ಪ್ರಶ್ನೆ: “ಹ್ಯಾವ್ ಯೂ ಹ್ಯಾಡ್ ಯುವರ್ ಬ್ರೇಕ್‌ಫಸ್ಟ್?” ಒಳಗಿಂದ ದೋಸೆಯ ವಾಸನೆ ಬರುತ್ತಿತ್ತು.

ಬೇರೆಯವರ ಮನೆಯಲ್ಲಿ ತಿಂಡಿ ಆಯ್ತಾ ಅಂತ ಕೇಳಿದರೆ, ಎಷ್ಟೇ ಹಸಿದಿರಲಿ, ‘ಈಗ ತಾನೇ ಆಯ್ತು’ ಅನ್ನಬೇಕು. ನಮ್ಮ ಕಡೆ ಮಾತು ಕಲಿಯುವಾಗಲೇ ಕಲಿಯುವ ಪಾಠ ಅದು. ಪುರಾವೆಯಿಲ್ಲದೆ ಏನನ್ನೂ ಒಪ್ಪದ ನಾನು ಇದೊಂದನ್ನು ಮಾತ್ರ ಯಾವತ್ತೂ ಪ್ರಶ್ನಿಸಿರಲಿಲ್ಲ.

“ಯೆಸ್ ಮೇಡಂ. ಐ ಹ್ಯಾವ್ ಜಸ್ಟ್ ಹ್ಯಾಡ್ ಇಟ್.”

ಅಷ್ಟರಲ್ಲಿ ನನ್ನ ಹೊಟ್ಟೆ ಗುರ್ ಅಂತು. ಇಬ್ಬರಿಗೂ ಕೇಳಿಸಿತು.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಕೆಲಸ ಹೋಯ್ತು ಅಂದುಕೊಂಡೆ. ಬಾಯಿ ತೆರೆದ ಮೊದಲ ಮಾತೇ ಸುಳ್ಳಾದರೆ ಅಂಥವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ?

“ತಿಂದಿಲ್ಲ ಮೇಡಂ. ಹೆದರಿಕೆಗೆ ಇಳೀಲಿಲ್ಲ” ಅಂದೆ, ಕನ್ನಡದಲ್ಲೇ.

“ನಿನ್ನ ಇಂಗ್ಲಿಷ್ ಸರಿಯಾಗೇ ಇದೆ ಕಣಮ್ಮ, ಹೊಟ್ಟೇದೇ ತಕರಾರು. ನಾನೂ ಹೋದ ಮನೇಲೆಲ್ಲ ಹಾಗೇ ಹೇಳ್ತೀನಿ, ಆಮೇಲೆ ಯಾಕಾದ್ರೂ ಹೇಳಿದ್ನೋ ಅಂತ ದಾರೀಲಿ ಬೈಕೋತೀನಿ. ಏಳು, ಕೈ ತೊಳ್ಕೊಂಡು ಬಾ.”

ಉಳಿದ ಪ್ರಶ್ನೆಗಳೆಲ್ಲ ದೋಸೆ ತಿನ್ನುತ್ತಿರುವಾಗ ಬಂದವು. ಬಾಯಲ್ಲಿ ಚಟ್ನಿ ಇಟ್ಟುಕೊಂಡು ಟೆನ್ಸಿನ ಲೆಕ್ಕ ಹಾಕಲು ಪುರುಸೊತ್ತೆಲ್ಲಿ? ಬಂದದ್ದು ಹೇಳಿದೆ. ಅವರೂ ತಿದ್ದಲಿಲ್ಲ.

ಕಾಫಿ ಲೋಟ ಕೈಗಿಡುತ್ತಾ, “ಸೋಮವಾರದಿಂದ ಬಾ. ಎಂಟನೇ ಕ್ಲಾಸು ನಿಂಗೆ. ಆ ಹುಡುಗೀರ ಬಾಯಿ ಜೋರು, ನೋಡ್ಕೋ” ಅಂದರು.

ಮನೆ ಬಾಗಿಲಲ್ಲೇ ಅಮ್ಮ ನಿಂತಿದ್ದರು. “ಏನಾಯ್ತೇ?”

“ಸಿಕ್ತು.”

ಅಮ್ಮ ಉಸಿರು ಬಿಟ್ಟರು. “ಹಾಗಾದ್ರೆ ಹೆಣ್ಣು ನೋಡೋಕೆ ಬರ್ತೀವಿ ಅಂದೋರಿಗೆ ಈ ಭಾನುವಾರ ಬೇಡ ಅಂತ ಹೇಳಿ ಕಳಿಸ್ತೀನಿ” ಅಂದವರ ಮುಖದಲ್ಲಿ ಬೇಜಾರು ಇರಲೇ ಇಲ್ಲ.