ಕೈ ಎತ್ತಿ ನಿಂತವರು

ಮೊನ್ನೆ ನೀವಿಬ್ಬರೂ ಬೆಂಗಳೂರಿನಲ್ಲಿ ನನ್ನನ್ನು ಮೆಟ್ರೋ ರೈಲಿಗೆ ಕರೆದುಕೊಂಡು ಹೋದಿರಲ್ಲ, ಆಗ ಹೆಂಗಸರ ಸಾಲಿನ ಪರದೆಯ ಹಿಂದೆ ನಿಂತಿದ್ದ ಖಾಕಿಯ ಹುಡುಗಿ "ಕೈ ಎತ್ತಿ ಅಮ್ಮ" ಅಂದಳು. ಎತ್ತಿದೆ. ಅವಳು ಕೈಯಲ್ಲಿದ್ದ ಕಪ್ಪು ಪಟ್ಟಿಯನ್ನು ನನ್ನ ಸೀರೆಯ ಮೇಲೆ ಹಾಗೇ ಆಡಿಸಿ, ಮಾತಿಲ್ಲದೆ ಹಿಂದಿನವಳ ಕಡೆ ತಿರುಗಿದಳು. ನಾನು ಮಾತ್ರ ಎತ್ತಿದ ಕೈ ಇಳಿಸದೆ ನಿಂತುಬಿಟ್ಟೆ. "ಅಜ್ಜಿ, ಕೈ ಇಳಿಸು, ಯಾರೂ ಅರೆಸ್ಟ್ ಮಾಡ್ತಿಲ್ಲ" ಎಂದು ನೀವು ಆಚೆಯಿಂದ ಕೂಗಿದಿರಿ. ರೈಲಿನಲ್ಲಿ ಕೂತ ಮೇಲೂ ನೆನೆಸಿಕೊಂಡು ನಕ್ಕಿರಿ. ನಾನೂ ನಕ್ಕೆ. ಕೈ ಯಾಕೆ ಇಳಿಯಲಿಲ್ಲ ಎಂದು ಅಲ್ಲೇ ಹೇಳಬಹುದಿತ್ತು, ಆದರೆ ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಹುಟ್ಟಿದಾಗಿನಿಂದ ಇಲ್ಲ. ಬೇತಮಂಗಲದ ಹತ್ತಿರ ನಮ್ಮ ಹಳ್ಳಿಯ ಶಾಲೆಯಲ್ಲಿ, ಉತ್ತರ ಗೊತ್ತಿದ್ದರೂ ಮೇಷ್ಟ್ರು ನನ್ನ ಕಡೆ ನೋಡಿದರೆ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೊಂದು ಸುಖ.

ನಿಮ್ಮ ತಾತ ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಚಿನ್ನದ ಗಣಿಯ ಗೇಟಿನಲ್ಲಿ ಕೆಲಸಕ್ಕಿದ್ದರು. ಭೂಮಿಯೊಳಗಿಂದ ಶಿಫ್ಟು ಮುಗಿಸಿ ಮೇಲೆ ಬಂದವರು ಇವರ ಕೈ ದಾಟಿಯೇ ಮನೆಗೆ ಹೋಗಬೇಕು. ಅಂಗಿ ಬಿಚ್ಚಿ, ಕೈ ಎತ್ತಿ, ಬಾಯಿ ತೆರೆದು ನಿಲ್ಲಬೇಕು. ಇವರು ಕಂಕುಳು, ಸೊಂಟ, ತಲೆಗೂದಲು, ನಾಲಿಗೆಯ ಅಡಿ, ಊಟದ ಡಬ್ಬಿಯ ತಳ ಎಲ್ಲ ನೋಡಿ ಕೊನೆಗೆ "ಒಣ್ಣುಮಿಲ್ಲೆ, ಪೋ" ಅನ್ನುವರು. ಏನೂ ಇಲ್ಲ, ಹೋಗು ಎಂದು. ಗಣಿಯವರ ಮಾತು ಹೆಚ್ಚಾಗಿ ತಮಿಳು. ಇವರು ಬಂಗಾರಪೇಟೆ ಕಡೆಯ ರೈತರ ಮಗ, ಇವರ ತಮಿಳು ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆ ಒಂದು ಮಾತನ್ನು ಯಾರಿಗೂ ತಪ್ಪಿಸಿದವರಲ್ಲ. ಸುಮ್ಮನೆ ಕೈಬೀಸಿ ಕಳಿಸಿದರೆ ಸಾಲದೇ ಎಂದು ಒಮ್ಮೆ ಕೇಳಿದ್ದೆ.

"ಮೈ ಮುಟ್ಟಿ ನೋಡಿದ್ ಮ್ಯಾಲೆ ಬಾಯಿಬಿಟ್ಟು ಏಳ್ಬೇಕು ಕಣೆ. ಇಲ್ದಿದ್ರೆ ಅವನು ಆ ಅನುಮಾನಾನ ಒತ್ಕೊಂಡೇ ಮನೆಗೋಗ್ತಾನೆ" ಅಂದಿದ್ದರು.

ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ನಿಮ್ಮ ಅಮ್ಮ ಶಾಲೆಗೆ ಹೊರಟರೆ ಚೀಲ ತಡವಿ ಕಳಿಸುವರು. ನಾನು ತವರಿಗೆ ಹೊರಟರೆ ಗಂಟನ್ನು ಒಮ್ಮೆ ಒತ್ತಿ ನೋಡುವರು, ತಾವು ಏನು ಮಾಡಿದೆವೆಂದು ತಮಗೇ ಗೊತ್ತಿರುತ್ತಿರಲಿಲ್ಲ.

ಪಕ್ಕದ ಮನೆಯ ಆರ್ಮುಗಂ ಭೂಮಿಯೊಳಗೆ ಕೆಲಸ ಮಾಡುವವನು. ನಮ್ಮ ಲೈನ್ ಮನೆಗಳಿಗೆ ನಡುವೆ ಒಂದೇ ಗೋಡೆ. ಮಧ್ಯಾಹ್ನ ಗೇಟಿನಲ್ಲಿ ಇವರ ಮುಂದೆ ಬಾಯಿ ತೆರೆದು ನಿಂತವನು ಸಂಜೆ ಜಗಲಿಯಲ್ಲಿ ಅದೇ ಬಾಯಿಂದ ಇವರನ್ನು ಆಡಿಕೊಳ್ಳುವನು. "ಅಕ್ಕಾ, ನನ್ ಪೊಂಡಾಟಿಗಿಂತ ನಿನ್ ಗಂಡಾನೇ ನನ್ ಮೈ ಜಾಸ್ತಿ ಮುಟ್ಟೌನೆ!" ಇದನ್ನು ನಿಮಗೆ ಬರೆಯಬಾರದಿತ್ತೇನೋ. ನಾನು ಒಳಗೆ ಓಡುತ್ತಿದ್ದೆ, ಇವರು ಹುಬ್ಬು ಗಂಟಿಕ್ಕಿ ಕೂತಿರುತ್ತಿದ್ದರು. ನಿಮ್ಮ ತಾತನಿಗೆ ನಗು ಬರುವುದು ಬಹಳ ನಿಧಾನ. ಅದಕ್ಕೇ ಜನಕ್ಕೆ ಅವರನ್ನು ನೋಡಿದರೆ ನಗು.

ಗಣಿ ಸೊರಗುತ್ತ ಬಂತು. ಇಷ್ಟವಿದ್ದವರು ಮುಂಚೆಯೇ ಕೆಲಸ ಬಿಡಬಹುದು ಅಂದಾಗ ಇವರು ಬಿಟ್ಟರು. ಬಂಗಾರಪೇಟೆಗೆ ಬಂದು ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟರು. ತೊಂಬತ್ತರ ಈಚಿನ ಮಾತು. ಹರೆಯದಲ್ಲಿ ಕಲಿತ ಟೈಪಿಂಗ್ ಬೆರಳಲ್ಲಿ ಇನ್ನೂ ಇತ್ತು. ಎರಡು ಕಂಪ್ಯೂಟರು, ಅವುಗಳ ಮೇಲೆ ನಾನು ಹೊಲಿದುಕೊಟ್ಟ ಹೂವಿನ ಮುಸುಕು. ಅವು ಕನ್ನಡ ಬರೆಯುತ್ತಿದ್ದವು, ಅದೇ ದೊಡ್ಡ ಸುದ್ದಿ. ಮದುವೆ ಕಾಗದ ಮಾಡಿಸಲು ಬಂದ ಹಳ್ಳಿಯವರು ತಮ್ಮ ಊರಿನ ಹೆಸರು ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡುವುದನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಆ ಕನ್ನಡ ಬರೆಸುವ ಸಾಫ್ಟ್‌ವೇರನ್ನು ಕಂಪ್ಯೂಟರ್ ಮಾರಿದವನೇ ಒಳಗೆ ಹಾಕಿ ಕೊಟ್ಟಿದ್ದ. ಎಮ್ಮೆ ಕೊಂಡರೆ ಹಗ್ಗ ಜೊತೆಗೇ ಬರುವುದಿಲ್ಲವೇ, ಹಾಗೆ ಅಂದುಕೊಂಡೆವು.

ಆಮೇಲೆ ಮಾಲೂರು, ಮುಳಬಾಗಿಲು ಕಡೆಯ ಪ್ರೆಸ್ಸಿನವರು, ಶಾಲೆಯ ಮೇಷ್ಟ್ರುಗಳು ಕೇಳಿಕೊಂಡು ಬರತೊಡಗಿದರು. ಇವರು ಅದನ್ನು ಫ್ಲಾಪಿಗೆ, ಅಂದರೆ ಅಂಗೈಯಗಲದ ಒಂದು ಕಪ್ಪು ಬಿಲ್ಲೆಗೆ, ತುಂಬಿಸಿ ಕೊಡುವರು. ದುಡ್ಡು ಮುಟ್ಟುತ್ತಿರಲಿಲ್ಲ. ನಾನು ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಡುವ ಹಾಗೆ. ಕೊಟ್ಟರೆ ನಮ್ಮ ಮೊಸರೇನು ಕಮ್ಮಿಯಾಗುತ್ತದೆಯೇ? ಆದರೆ ಗೇಟಿನ ಅಭ್ಯಾಸ ಎಲ್ಲಿಗೆ ಹೋಗುತ್ತದೆ! ಹೊರಗೆ ಹೋಗುವ ಸಾಮಾನಿನ ಮೇಲೆ ಗೇಟಿನವನ ಸಹಿ ಇರಬೇಕು. ಕೊಟ್ಟ ಪ್ರತಿ ಫ್ಲಾಪಿಯ ಮೇಲೂ ಅಂಗಡಿಯ ಹೆಸರು ಬರೆದು, ಕೆಳಗೆ ಉದ್ದನೆಯ ಸಹಿ ಹಾಕುವರು. ಕದ್ದವನು ಯಾರಾದರೂ ಹಾಗೆ ಸಹಿ ಹಾಕುತ್ತಾನೆಯೇ, ನೀವೇ ಹೇಳಿ. ಆ ಸಹಿಯೇ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ, ಅದನ್ನು ಮಾಡಿದ ಬೆಂಗಳೂರಿನ ಕಂಪನಿಯ ಮೇಜಿನ ಮೇಲೆ ಹೋಗಿ ಕೂತಿತು. ಅವರು ಕೇಸು ಹಾಕಿದರು.

ಕೋರ್ಟು ಕಳಿಸಿದ ವಕೀಲರೊಬ್ಬರು ಅಂಗಡಿಗೆ ಬಂದ ದಿನ ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಜೊತೆಗೆ ಕಂಪನಿಯ ಹುಡುಗ, ಒಬ್ಬ ಪೊಲೀಸು. ಬಾಗಿಲ ತುಂಬ ಜನ. ವಕೀಲರು ಕಾಗದ ಓದಿ "ತಪಾಸಣೆ ಮಾಡಬೇಕು" ಅಂದರು. ನಿಮ್ಮ ತಾತ ಎದ್ದರು. ಮೇಜಿನ ಈಚೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಎರಡೂ ಕೈ ಎತ್ತಿ, ಬಾಯಿ ತೆರೆದು ನಿಂತರು.

ವಕೀಲರು ನಾಚಿಕೆಯಿಂದ ತಲೆ ತಗ್ಗಿಸಿದರು. "ನಿಮ್ಮನ್ನಲ್ಲ ಯಜಮಾನ್ರೇ, ಕಂಪ್ಯೂಟರನ್ನ."

ಬಾಗಿಲಲ್ಲಿ ನಿಂತವರು ಗೊಳ್ಳೆಂದರು. ಆ ನಗು ಸಂಜೆಯ ರೈಲು ಹತ್ತಿ ಕೋರಮಂಡಲ್ ತಲುಪಿತು.

ಇವರು ಅಂಗಿ ಹಾಕಿಕೊಂಡು ಆ ಹುಡುಗನನ್ನು ಕೇಳಿದರು: "ನಿಮ್ಮತ್ರ ಇದ್ದಿದ್ದು ಏನಾದ್ರೂ ಕಮ್ಮಿ ಆಗಿದ್ಯಾ?"

"ಇದು ಬುದ್ಧಿಯ ಆಸ್ತಿ ಸಾರ್. ನಾವು ನಾಲ್ಕು ಜನ ಕೂತು ಒಂದೊಂದು ಒತ್ತಕ್ಷರಾನೂ ಗೀಚಿ ಗೀಚಿ ಮಾಡಿದ್ದು. ನೀವು ಸುಮ್ಮನೆ ಹಂಚಿಬಿಟ್ರಿ" ಅಂದ ಹುಡುಗ. ಅವನ ದನಿಯಲ್ಲಿ ಸೊಕ್ಕಿರಲಿಲ್ಲ, ಅಳುವವನ ಹಾಗಿತ್ತು. ಕಂಪ್ಯೂಟರುಗಳನ್ನು ಮುಸುಕಿನ ಸಮೇತ ಗಾಡಿಗೆ ಹಾಕಿಕೊಂಡು ಹೋದರು.

ಮನೆಗೆ ಬಂದವರೆಲ್ಲ ನಗಿಸಲೆಂದೇ ಬಂದ ಹಾಗಿತ್ತು. ಎದುರು ಮನೆಯ ವೆಂಕಟಮ್ಮ ಮೊದಲು ಬಂದಳು. ಈ ಸೀಮೆಯಲ್ಲಿ ಕಳವು ಅಂದರೆ ಚಿನ್ನ, ಚಿನ್ನ ಅಂದರೆ ತೂಕ. "ಅದು ಎಷ್ಟು ತೂಕ ಇತ್ತಮ್ಮಾ?" ಅಂದಳು. ತೂಕವೇ ಇಲ್ಲವಂತೆ ಅಂದೆ. "ತೂಕ ಇಲ್ದಿದ್ ಮ್ಯಾಲೆ ಅದೆಂಥ ಕಳ್ತನಾನೇ! ಗಾಳಿ ಕದ್ದಂಗಾಯ್ತು. ಕದಿಯೋದು ಕದ್ರು, ಒಂದು ಓಲೆಗಾದ್ರೂ ಆಗೋವಂಥಾದ್ದು ಕದೀಬಾರ್ದಾ?"

ನನ್ನ ತಮ್ಮ ಮುನಿಯಪ್ಪ ಹಳ್ಳಿಯಿಂದ ಹಾಲು ತಂದವನು ಕ್ಯಾನು ಇಳಿಸದೆ ಬಾಗಿಲಲ್ಲೇ ಶುರುಮಾಡಿದ. "ಬುದ್ಧೀಗೂ ಆಸ್ತಿ ಅಂತಾರಾ ಬಾವ? ಸರ್ವೆ ನಂಬರ್ ಎಷ್ಟಂತೆ? ಚೆಕ್ಕುಬಂದಿ ಏಳವ್ರಾ, ಮೂಡಕ್ಕೆ ಯಾರ ಬುದ್ಧಿ, ಪಡುವಕ್ಕೆ ಯಾರ ಬುದ್ಧಿ? ನಮ್ಮಪ್ಪ ನನಗೆ ಪಾಲು ಮಾಡ್ದಾಗ ಇದನ್ನೇ ಕೊಡ್ಲಿಲ್ಲ ನೋಡು!" ನನ್ನ ಕಡೆ ತಿರುಗಿ, "ಅಕ್ಕಾ, ನಿನ್ ಹೆಪ್ಪು ತಕಂಡೋಗಿ ನಮ್ಮೂರಾಗೆ ನಾಕು ಮನೆಗೆ ಕೊಟ್ಟಿದೀನಿ. ನನ್ ಮ್ಯಾಲೂ ಆಕ್ಬಿಡು ಒಂದು ಕೇಸು" ಅಂದ. ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಇವರು ನಗಲಿಲ್ಲ. "ಆ ಹುಡುಗ ಏಳಿದ್ದು ಸುಳ್ಳಲ್ಲ ಕಣೋ" ಅಂದರು. "ಅವನ ಕಣ್ಣು ನೀನು ನೋಡ್ಲಿಲ್ಲ."

ಭಾನುವಾರ ಆರ್ಮುಗಂ ಬಂದ. ಬಂದವನೇ ಹೊಸಲಿನಲ್ಲಿ ನಿಂತು, ಗೇಟಿನಲ್ಲಿ ಇವರು ನಿಲ್ಲುತ್ತಿದ್ದ ಹಾಗೆ ಕಾಲು ಅಗಲಿಸಿ, "ಕೈಯೆ ತೂಕ್ಕು ಸಾರ್!" ಎಂದು ಗದರಿದ. ಕೈ ಎತ್ತು ಎಂದು. "ಇಷ್ಟು ವರ್ಷ ನಮ್ ನಾಲ್ಗೆ ಕೆಳಗೆ ಬೆರಳಿಟ್ಟು ನೋಡ್ದೆ. ಕಡೇಗೆ ಕೆಜಿಎಫ್‌ನಾಗೆ ಕಳ್ಳ ಅಂತ ಸಿಕ್ಕಿದ್ದು ನೀನೇನಾ?" ಅವನ ಮಟ್ಟಿಗೆ ಅದು ಪ್ರೀತಿಯ ಮಾತೇ. ಕೈಯಲ್ಲಿ ನಿಮ್ಮ ಅಮ್ಮನಿಗೆಂದು ತಂದ ಮಿಠಾಯಿಯ ಪೊಟ್ಟಣವಿತ್ತು. ಆದರೆ ಇವರ ಮುಖ ಬೂದಿಯಾಯಿತು. ಅವನಿಗೆ ಅದು ಕಾಣಲಿಲ್ಲ. ಆಮೇಲೆ ಬಂದಾಗಲೆಲ್ಲ ಅದೇ ಆಟ, ಬೀದಿಯಲ್ಲಿ ಕಂಡರೂ ದೂರದಿಂದಲೇ ಎರಡು ಕೈ ಎತ್ತಿ ತೋರಿಸುವನು.

ನಿಮ್ಮ ತಾತ ಬದಲಾದದ್ದು ನನಗೆ ಗೊತ್ತಾದದ್ದು ವೆಂಕಟಮ್ಮನ ಮನೆಯ ನಾಮಕರಣದ ದಿನ. ಊಟ ಮುಗಿಸಿ ಹೊರಟವರು ಹೊಸಲಿನಲ್ಲಿ ನಿಂತರು. ಹೆಗಲ ಮೇಲಿನ ಟವೆಲನ್ನು ಕೊಡವಿದರು. ಅಂಗಿಯ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದು ತೋರಿಸಿದರು. ತಮಾಷೆ ಎಂದು ಜನ ನಕ್ಕರು. ಅದು ತಮಾಷೆಯಲ್ಲ. ಅಲ್ಲಿಂದಾಚೆ ಯಾರ ಮನೆಗೆ ಹೋದರೂ ಹಾಗೆ ಮಾಡದೆ ಹೊಸಲು ದಾಟುತ್ತಿರಲಿಲ್ಲ. ನನ್ನ ತವರಿನಲ್ಲೂ. ಕೊನೆಕೊನೆಗೆ ನಮ್ಮ ಮನೆಯಿಂದ ಹೊರಡುವಾಗಲೂ. ನಾನು ಜೇಬುಗಳನ್ನು ಒಳಗೆ ತುರುಕಿ ಕಳಿಸುತ್ತಿದ್ದೆ.

ಕೇಸು ಮುಗಿಸುವ ದಾರಿ ಇತ್ತು. ಕದ್ದಿದ್ದೇನೆ, ಇನ್ನು ಮುಂದೆ ಕದಿಯುವುದಿಲ್ಲ ಎಂದು ಬರೆದುಕೊಟ್ಟರೆ ಕಂಪನಿ ಕೈಬಿಡುತ್ತದೆ ಎಂದು ನಮ್ಮ ವಕೀಲರು ಹೇಳಿದರು. "ತಿಳೀದೆ ಕೊಟ್ಟೆ, ತಪ್ಪಾಯ್ತು ಅಂತ ಬರೀತೀನಿ. ಆ ಹುಡುಗನ ಕಾಲು ಬೇಕಾದ್ರೆ ಇಡೀತೀನಿ. ಕದ್ದೆ ಅಂತ ಮಾತ್ರ ಬರಿಯಲ್ಲ ಸಾರ್" ಅಂದರು ಇವರು. ಆ ಒಂದು ಮಾತಿಲ್ಲದೆ ಆಗುವುದಿಲ್ಲವಂತೆ. ಸಹಿ ಎಂದರೆ ಸುಮ್ಮನೆ ಹಾಕುವಂಥದ್ದಲ್ಲ ಎಂದು ನಂಬಿದ್ದ ಮನುಷ್ಯ. ಹಾಕಲಿಲ್ಲ. ಬೆಂಗಳೂರಿಗೆ ರೈಲಿನಲ್ಲಿ ಓಡಾಡಿದರು, ಕರೆಯುವವರೆಗೆ ಕಾರಿಡಾರಿನಲ್ಲಿ ನಿಂತು ಬಂದರು. ಅನ್ನ ಕಲಸಿಟ್ಟು ಮರೆಯುತ್ತಿದ್ದರು. ಒಂದು ಬೆಳಗ್ಗೆ ಕೋರ್ಟಿಗೆ ಹೊರಡಲು ಚಪ್ಪಲಿ ಮೆಟ್ಟಿದವರು ಹೊಸಲಿನ ಮೇಲೇ ಕುಸಿದರು. ಜೇಬುಗಳು ಹೊರಗಿದ್ದವು. ಮನುಷ್ಯನೇ ಇಲ್ಲವಾದ ಮೇಲೆ ಕೇಸನ್ನೂ ಮುಚ್ಚಿದರು. ಕದ್ದಿದ್ದಾನೆ ಎಂದಾಗಲಿ ಕದ್ದಿಲ್ಲ ಎಂದಾಗಲಿ ಯಾರೂ ಹೇಳಲಿಲ್ಲ.

ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿ ಸ್ನಾನ ಮಾಡಿಸಿದರು. ಮುನಿಯಪ್ಪ ನೀರು ಹೊಯ್ಯುತ್ತಿದ್ದ. ಇನ್ನೇನು ಹೊಸ ಪಂಚೆ ಹೊದಿಸಬೇಕು, ಆಗ ಕೋರಮಂಡಲ್‌ನಿಂದ ಆರ್ಮುಗಂ ಬಂದ. ಶಿಫ್ಟಿನಿಂದ ನೇರ ಬಂದಿದ್ದ, ಕಿವಿಯ ಹಿಂದೆಲ್ಲ ಗಣಿಯ ದೂಳು. ಜನರನ್ನು ಸರಿಸಿಕೊಂಡು ಬಂದು "ಒಂದು ನಿಮಿಷ ಇರಿ" ಅಂದ. ನಮ್ಮವರಲ್ಲಿ ಹಿರಿಯರೊಬ್ಬರು "ಇವನ್ಯಾರಲಾ, ಮುಟ್ಟಬ್ಯಾಡ ಅನ್ನು" ಎಂದು ಗೊಣಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಮಂಡಿಯೂರಿ ಕೂತು ಇವರ ಎರಡು ಕೈಗಳನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎತ್ತಿ ಇಟ್ಟ. ಹಿಂದೆ ಯಾರೋ ಕಿಸಕ್ಕೆಂದು, ಅರ್ಧಕ್ಕೇ ನಿಲ್ಲಿಸಿದರು. ಆರ್ಮುಗಂ ಕಂಕುಳು ನೋಡಿದ. ಸೊಂಟ ತಡವಿದ. ಒದ್ದೆ ಕೂದಲಲ್ಲಿ ಬೆರಳಾಡಿಸಿದ. ಅಂಗಾಲು ಒರೆಸಿ ನೋಡಿದ. ಬಾಯೊಂದನ್ನು ಮುಟ್ಟಲಿಲ್ಲ. ಉಳಿದದ್ದೆಲ್ಲ ಗೇಟಿನಲ್ಲಿ ತನ್ನನ್ನು ಹೇಗೆ ನೋಡುತ್ತಿದ್ದರೋ ಹಾಗೇ, ಒಂದೂ ಬಿಡದೆ. ಆಮೇಲೆ ಕೈಗಳನ್ನು ಇಳಿಸಿ ಎದೆಯ ಮೇಲೆ ಜೋಡಿಸಿ, ಎದ್ದು ನಿಂತು, ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ.

"ಒಣ್ಣುಮಿಲ್ಲೆ. ಪೋಲಾಂ ಸಾರ್."

ಏನೂ ಇಲ್ಲ, ಹೋಗಬಹುದು. ಆಮೇಲೆ ಗೋಡೆಗೆ ತಲೆಯಾನಿಸಿ ಅತ್ತ. ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ.

ನೋಡಿ ಮಕ್ಕಳೇ, ಆ ಖಾಕಿಯ ಹುಡುಗಿ ನನ್ನ ಮೈಮೇಲೆ ಪಟ್ಟಿ ಆಡಿಸಿ ಸುಮ್ಮನೆ ತಿರುಗಿಕೊಂಡಳಲ್ಲ, ನಾನು ಹೆದರಿ ನಿಂತದ್ದಲ್ಲ, ಮರೆತು ನಿಂತದ್ದೂ ಅಲ್ಲ. ಅವಳು ಒಂದು ಮಾತು ಹೇಳುತ್ತಾಳೆಂದು ಕಾಯುತ್ತಿದ್ದೆ. ಪಾಪ, ಅವಳಿಗೆ ಉದ್ದನೆಯ ಸಾಲು, ಎಷ್ಟು ಜನಕ್ಕೆಂದು ಹೇಳಿಯಾಳು. ಮುಂದಿನ ಸಲ ನಾನೇ ಕೇಳುತ್ತೇನೆ. ಇದುವರೆಗೆ ಯಾರ ಎದುರಿಗೂ ಬಾಯಿಬಿಟ್ಟು ಏನನ್ನೂ ಕೇಳದವಳು, ಕೈ ಎತ್ತಿಕೊಂಡೇ ಅವಳನ್ನು ಕೇಳುತ್ತೇನೆ: "ಏನೂ ಇಲ್ಲ ಅಲ್ವೇನಮ್ಮ?" ಅವಳು "ಇಲ್ಲ, ಹೋಗಿ" ಅನ್ನುವವರೆಗೆ ಇಳಿಸುವುದಿಲ್ಲ. ನೀವು ಆಚೆ ನಿಂತು ಬೇಕಾದರೆ ನಕ್ಕುಕೊಳ್ಳಿ.